ವರ್ಷಾಂತ್ಯದ ಕಾಣಿಕೆ: ಮೊದಲು ಲೆಕ್ಕ ಒಪ್ಪಿಸಿ, ಆಮೇಲೆ ಕೇಳಿ

ಅಕ್ಟೋಬರ್ ಹತ್ತಿರ ಬಂದಂತೆ ಕ್ರೈಸ್ತ ಸಭೆಗಳ (ಅಂದರೆ ಚರ್ಚುಗಳ) ಖಜಾಂಚಿಗಳಿಂದ, ಕಾರ್ಯದರ್ಶಿಗಳಿಂದ ಬರುವುದು ಒಂದೇ ಪ್ರಶ್ನೆ: "ಕ್ರಿಸ್‌ಮಸ್ಸಿಗೆ, ವಾಚ್ ನೈಟಿಗೆ (ಡಿಸೆಂಬರ್ 31ರ ರಾತ್ರಿಯ ಆರಾಧನೆಗೆ) ದೇವಾಲಯ ತುಂಬುತ್ತದೆ, ಕಾಣಿಕೆ ಚೀಲ ಮಾತ್ರ ತುಂಬುವುದಿಲ್ಲ. ಏನು ಮಾಡಬೇಕು?" ಪ್ರಸಂಗವನ್ನು ಇನ್ನಷ್ಟು ಖಾರ ಮಾಡಿದರೆ ಕಾಣಿಕೆ ಏರುತ್ತದೆ ಎಂದು ಹಲವರು ನಂಬಿದ್ದಾರೆ. ಏರುವುದಿಲ್ಲ. ಹೋದ ವರ್ಷ ಕೊಟ್ಟ ಹಣ ಏನಾಯಿತೆಂದು ಗೊತ್ತಿಲ್ಲದವರು ಈ ವರ್ಷವೂ ಐವತ್ತರ ನೋಟು ಮಡಿಸಿ ಹಾಕಿ ಸುಮ್ಮನಾಗುತ್ತಾರೆ. ಅವರನ್ನು ಜಿಪುಣರೆನ್ನುವ ಮೊದಲು ನಿಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಿ.

ಕೆಳಗಿನ ಕ್ರಮವನ್ನು ಕರ್ನಾಟಕದ ಸುಮಾರು 120 ಮನೆಗಳ ಒಂದು ಕನ್ನಡ ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು, 2026ರ ಕ್ಯಾಲೆಂಡರ್ ಪ್ರಕಾರ ಬರೆದಿದ್ದೇವೆ. ನಿಮ್ಮ ಸಭೆ ಚಿಕ್ಕದಿದ್ದರೆ ಅಂಕಿಗಳನ್ನು ಇಳಿಸಿಕೊಳ್ಳಿ, ಹಂತಗಳನ್ನು ಮಾತ್ರ ಬಿಡಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು: ಸಭೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ ಮತ್ತು ಅದರದೇ ಕ್ಯೂಆರ್ ಕೋಡ್, ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ, ಮನೆವಾರು ಸದಸ್ಯರ ಪಟ್ಟಿ, 150 ಮುದ್ರಿತ ಲಕೋಟೆ, ಬೀಗವಿರುವ ಪೆಟ್ಟಿಗೆ ಒಂದು. ಜೊತೆಗೆ, ಒಬ್ಬರಿಗೊಬ್ಬರು ನೆಂಟರಲ್ಲದ ಮೂವರು ಎಣಿಕೆಯವರು. ಈ ಕೊನೆಯದು ಸಣ್ಣ ಊರಿನಲ್ಲಿ ಸಿಗುವುದೇ ಕಷ್ಟ, ಆದ್ದರಿಂದ ಈಗಲೇ ಹುಡುಕಿಡಿ.

1. ಹೋದ ವರ್ಷದ ಲೆಕ್ಕ ಮುಗಿಸಿ (ಅಕ್ಟೋಬರ್ ಮೊದಲ ಎರಡು ವಾರ)

ಹೋದ ಡಿಸೆಂಬರಿನಲ್ಲಿ ಎಷ್ಟು ಬಂತು, ಯಾವುದಕ್ಕೆಂದು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು. ಈ ನಾಲ್ಕು ಸಾಲು ಒಂದು ಹಾಳೆಯಲ್ಲಿ ಹಿಡಿಸಬೇಕು. ಹತ್ತು ಪುಟದ ಆಡಿಟ್ ವರದಿ ಅಂಟಿಸಿದರೆ ಯಾರೂ ಓದುವುದಿಲ್ಲ, "ಏನೋ ಮುಚ್ಚಿಡುತ್ತಿದ್ದಾರೆ" ಎಂಬ ಗುಮಾನಿ ಬೇರೆ ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವ ತಪ್ಪು: ಕಟ್ಟಡ ನಿಧಿಗೆಂದು ಬಂದ ಹಣವನ್ನು ನಡುವೆ ಕರೆಂಟ್ ಬಿಲ್ಲಿಗೋ ಸಂಬಳಕ್ಕೋ ಬಳಸಿರುತ್ತಾರೆ. ಬಳಸಿದ್ದರೆ ಹಾಗೆಯೇ ಹೇಳಿ, ಯಾವ ತಿಂಗಳೊಳಗೆ ವಾಪಸ್ ತುಂಬುತ್ತೀರೆಂದೂ ಹೇಳಿ. ಸಭೆ ಇಂಥದ್ದನ್ನು ಕ್ಷಮಿಸುತ್ತದೆ. ಬೇರೆಯವರ ಬಾಯಿಂದ ಗೊತ್ತಾದರೆ ಕ್ಷಮಿಸುವುದಿಲ್ಲ.

2. ಒಂದೇ ಒಂದು ಉದ್ದೇಶ ಆರಿಸಿ

ಮಾಡಿನ (ಛಾವಣಿಯ) ರಿಪೇರಿ, ಹೊಸ ಸೌಂಡ್ ಸಿಸ್ಟಮ್, ಬಡ ಮಕ್ಕಳ ಫೀಸು, ಸ್ಮಶಾನದ ಗೋಡೆ: ನಾಲ್ಕನ್ನೂ ಒಟ್ಟಿಗೆ ಕೇಳಿದರೆ ನಾಲ್ಕೂ ಅರ್ಧಕ್ಕೆ ನಿಲ್ಲುತ್ತವೆ. ಒಂದನ್ನು ಆರಿಸಿ. ಮೂರು ಪರೀಕ್ಷೆಗಳಿವೆ: ಭಾನುವಾರ ಬಂದವರು ಅದನ್ನು ಕಣ್ಣಾರೆ ನೋಡಬಹುದೇ, ಬರುವ ಮಾರ್ಚ್ 31ರೊಳಗೆ ಕೆಲಸ ಮುಗಿಯುತ್ತದೆಯೇ, ಮೊತ್ತ ನಿಮ್ಮ ಸಭೆಯ ಕೈಗೆ ಎಟುಕುವಂಥದ್ದೇ?

ಮಾರ್ಚ್ 31 ಯಾಕೆಂದರೆ, ನಮ್ಮಲ್ಲಿ ವರ್ಷದ ಕೊನೆ ಎರಡು ಸಲ ಬರುತ್ತದೆ. ಮನಸ್ಸಿಗೆ ಡಿಸೆಂಬರ್ 31, ಲೆಕ್ಕಕ್ಕೆ ಮಾರ್ಚ್ 31. ಆದಾಯ ತೆರಿಗೆಯಡಿ ನೋಂದಾಯಿತ ಟ್ರಸ್ಟ್ ಆ ಹಣಕಾಸು ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ತನ್ನ ಉದ್ದೇಶಗಳಿಗೆ ಖರ್ಚು ಮಾಡಬೇಕು. ಆಗದಿದ್ದರೆ ಮುಂದಕ್ಕೆ ಕೂಡಿಡುತ್ತೇವೆಂದು ನಿಗದಿತ ನಮೂನೆಯಲ್ಲಿ ತಿಳಿಸಬೇಕು. ಡಿಸೆಂಬರ್ ಕೊನೆಗೆ ಬಂದ ಹಣ ಖರ್ಚಿಗೆ ಮೂರೇ ತಿಂಗಳು ಉಳಿಸಿಕೊಡುತ್ತದೆ. ನಿಮ್ಮ ಸಭೆಯ ಲೆಕ್ಕ ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ್ಯ) ಲೆಕ್ಕದೊಳಗೆ ಸೇರುವುದಾದರೆ ಅಲ್ಲಿನ ಕಚೇರಿಯನ್ನು ಅಕ್ಟೋಬರಿನಲ್ಲೇ ಕೇಳಿಕೊಳ್ಳಿ.

ಉದ್ದೇಶ ನಿಶ್ಚಯವಾದ ಮೇಲೆ ಇಬ್ಬರು ಮೇಸ್ತ್ರಿಗಳಿಂದ ಬರಹದಲ್ಲಿ ಕೊಟೇಶನ್ ತೆಗೆದುಕೊಳ್ಳಿ, ಮೇಲೆ ಶೇ. 10 ಸೇರಿಸಿ. ಹಳೆಯ ಹೆಂಚಿನ ಮಾಡು ಬಿಚ್ಚಿದ ಮೇಲೆ ಒಳಗಿನ ಮರದ ಪಕ್ಕಾಸು, ರೀಪುಗಳನ್ನು ಗೆದ್ದಲು ತಿಂದಿರುವುದು ಕಾಣುತ್ತದೆ. ಆಗ ಎರಡನೇ ಸಲ ಕೇಳಬೇಕಾಗಿ ಬಂದರೆ ಮುಖ ಉಳಿಯುವುದಿಲ್ಲ.

3. ಮೊತ್ತವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಬೇಡಿ

ಮಾಡಿಗೆ 3,60,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. 120 ಮನೆ, ಆದ್ದರಿಂದ ಮನೆಗೆ 3,000. ಎಲ್ಲ ಕಮಿಟಿಗಳೂ ಮಾಡುವ ಲೆಕ್ಕ ಇದು, ಕೆಡುವುದೂ ಇಲ್ಲೇ. ಕೂಲಿಗೆ ಹೋಗುವ ಮನೆಗೆ 3,000 ಭಾರವಾಗಿ ನಾಚಿಕೆಯಿಂದ ಸಭೆಗೇ ಬರುವುದು ಬಿಡುತ್ತಾರೆ. 50,000 ಕೊಡಬಲ್ಲವರು 3,000 ಕೊಟ್ಟು "ನಮ್ಮ ಪಾಲು ಮುಗಿಯಿತು" ಎನ್ನುತ್ತಾರೆ.

ಬದಲಿಗೆ ಏಣಿ ಹಾಕಿ:

50,000 ಕೊಡುವ ಮನೆ 1: 50,000
25,000 ಕೊಡುವ ಮನೆ 3: 75,000
10,000 ಕೊಡುವ ಮನೆ 8: 80,000
5,000 ಕೊಡುವ ಮನೆ 20: 1,00,000
1,000 ಕೊಡುವ ಮನೆ 55: 55,000

ಒಟ್ಟು 87 ಮನೆ, 3,60,000. ಉಳಿದ 33 ಮನೆಗಳಿಂದ ಏನೂ ಬರುವುದಿಲ್ಲವೆಂದೇ ಹಿಡಿಯಿರಿ, ಬಂದರೆ ಲಾಭ. ಮೇಲಿನ ನಾಲ್ಕು ಮನೆಗಳಿಗೆ ಸಭಾಪಾಲಕರೂ ಒಬ್ಬ ಹಿರಿಯರೂ ನವೆಂಬರಿನಲ್ಲೇ ಹೋಗಿ ಕೂತು ಮಾತಾಡಿ ಬರಬೇಕು. ದೊಡ್ಡ ಕಾಣಿಕೆ ಚೀಲ ಬಂದಾಗ ಜೇಬಿಗೆ ಕೈ ಹಾಕಿ ಕೊಡುವಂಥದ್ದಲ್ಲ. ಗಂಡ ಹೆಂಡತಿ ಕೂತು ಮಾತಾಡಿ, ಎಫ್‌ಡಿ ಯಾವಾಗ ಮುಗಿಯುತ್ತದೆಂದು ನೋಡಿ ಕೊಡುವಂಥದ್ದು. ಈ ಏಣಿಯ ಹಾಳೆ ಕಮಿಟಿಯ ಕೋಣೆಯಿಂದ ಆಚೆ ಹೋಗಬಾರದು, ಯಾವ ಮೆಟ್ಟಿಲಿಗೂ ಮನೆಯ ಹೆಸರು ಬರೆದಿಡಬಾರದು.

4. ಪತ್ರ ಮತ್ತು ಲಕೋಟೆ

ಪತ್ರ ಒಂದೇ ಮಗ್ಗುಲು. ಮೊದಲ ವಾಕ್ಯ ಹೋದ ವರ್ಷದ ಲೆಕ್ಕ. ಬೈಬಲ್ ವಚನ ಒಂದು ಸಾಕು. ಮಾದರಿ ಹೀಗಿರಲಿ:

"ಪ್ರಿಯರೇ, ಹೋದ ಡಿಸೆಂಬರಿನಲ್ಲಿ ನೀವು ಕಾಂಪೌಂಡ್ ಗೋಡೆಗೆಂದು 1,84,500 ರೂಪಾಯಿ ಕೊಟ್ಟಿರಿ. ರಸ್ತೆ ಬದಿಯ 60 ಅಡಿ ಗೋಡೆ ಏಪ್ರಿಲ್‌ಗೆ ಮುಗಿಯಿತು. ಖರ್ಚು 1,71,200. ಉಳಿದ 13,300 ಅದೇ ಗೋಡೆಯ ಗೇಟಿಗೆ ಇದೆ. ಈ ಮಳೆಗಾಲ ದೇವಾಲಯದ ಉತ್ತರದ ಮಾಡು ನಾಲ್ಕು ಕಡೆ ಸೋರಿತು, ಹಿಂದಿನ ಎರಡು ಬೆಂಚು ಸರಿಸಿ ಆರಾಧನೆ ನಡೆಸಿದೆವು. ಹೆಂಚು, ಮರ, ಕೂಲಿ ಸೇರಿ 3,60,000 ಬೇಕು. ಮಾರ್ಚ್ ಕೊನೆಗೆ ಕೆಲಸ ಮುಗಿಸುವ ಯೋಚನೆ. ನಿಮ್ಮ ಮನೆಯವರು ಕೂಡಿ ಪ್ರಾರ್ಥಿಸಿ, ಆಗುವಷ್ಟನ್ನು ಈ ಲಕೋಟೆಯಲ್ಲಿಟ್ಟು ಡಿಸೆಂಬರ್ 6ರಂದು ತನ್ನಿ. ಈಗ ಆಗದವರು ಎಷ್ಟು, ಯಾವಾಗ ಎಂದು ಚೀಟಿಯಲ್ಲಿ ಬರೆಯಿರಿ. ಏನೂ ಆಗದಿದ್ದರೆ ಖಾಲಿ ಲಕೋಟೆಯನ್ನೇ ಹಾಕಿ, ಪ್ರಾರ್ಥನೆಯೂ ಕಾಣಿಕೆಯೇ."

ಆ ಕೊನೆಯ ಸಾಲನ್ನು ತೆಗೆಯಬೇಡಿ. ಎಲ್ಲರ ಕೈಯಲ್ಲೂ ಲಕೋಟೆ ಇದ್ದರೆ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಪಕ್ಕದ ಬೆಂಚಿನವರಿಗೆ ಗೊತ್ತಾಗುವುದಿಲ್ಲ. ಹಾಗೆಯೇ "ಇಷ್ಟು ಕೊಟ್ಟರೆ ದೇವರು ಇಮ್ಮಡಿ ಕೊಡುತ್ತಾನೆ" ಎಂಬ ಮಾತು ಪತ್ರದಲ್ಲೂ ಬೇಡ, ಬಾಯಲ್ಲೂ ಬೇಡ. ಚೀಟಿ ವ್ಯವಹಾರದ ಧಾಟಿ ಅದು.

ಲಕೋಟೆಯ ಮೇಲೆ ಇರಬೇಕಾದವು: ಹೆಸರು, ಮನೆ ನಂಬರ್, ಮೊತ್ತ, ಉದ್ದೇಶಕ್ಕೆ ಟಿಕ್ ಹಾಕುವ ಎರಡು ಚೌಕ (ಮಾಡಿನ ರಿಪೇರಿ, ಸಾಮಾನ್ಯ ಕಾಣಿಕೆ), ನಗದೋ ಚೆಕ್ಕೋ ಯುಪಿಐಯೋ, ಬೇಕಿದ್ದವರಿಗೆ ಪ್ಯಾನ್ ಬರೆಯಲು ಜಾಗ. ಮೂಲನಿಧಿಗೆ ಕೊಡುವವರಿದ್ದರೆ, ಅಂದರೆ ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸಲಿ ಎನ್ನುವವರಿದ್ದರೆ, ಅವರು ಹಾಗೆಂದು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಬೇಕು. ಬರಹವಿಲ್ಲದೆ ಕಮಿಟಿಯೇ ತನ್ನಷ್ಟಕ್ಕೆ ಯಾವ ಹಣವನ್ನೂ ಮೂಲನಿಧಿಗೆ ಹಾಕುವಂತಿಲ್ಲ. ಕ್ರಿಸ್‌ಮಸ್ ಹತ್ತಿರ ಪ್ರೆಸ್‌ಗಳಲ್ಲಿ ಕಾರ್ಡು, ಕ್ಯಾಲೆಂಡರಿನ ನೂಕುನುಗ್ಗಲು, ಆದ್ದರಿಂದ ನವೆಂಬರ್ ಮೊದಲ ವಾರ ದಾಟಿಸದೆ ಮುದ್ರಣಕ್ಕೆ ಕೊಡಿ.

5. ಯಾವ ಭಾನುವಾರ ಏನು

ನವೆಂಬರ್ 8: ಹೋದ ವರ್ಷದ ಲೆಕ್ಕ ಓದಿ. ಅಂದು ಏನನ್ನೂ ಕೇಳಬೇಡಿ.
ನವೆಂಬರ್ 15: ಪತ್ರ, ಲಕೋಟೆ ಹಂಚಿ. ಬಾರದ ಮನೆಗಳಿಗೆ ಸ್ತ್ರೀಯರ ಅನ್ಯೋನ್ಯ ಕೂಟದವರ ಮೂಲಕ ಆ ವಾರವೇ ತಲುಪಿಸಿ.
ನವೆಂಬರ್ 29: ಆಗಮನ ಕಾಲದ (ಕ್ರಿಸ್‌ಮಸ್ಸಿಗೆ ಸಿದ್ಧವಾಗುವ ವಾರಗಳ) ಮೊದಲ ಭಾನುವಾರ. ಮೇಸ್ತ್ರಿಯ ಅಂದಾಜು ಪಟ್ಟಿ, ಸೋರುವ ಜಾಗದ ಫೋಟೊ ಬಾಗಿಲ ಬಳಿ ಅಂಟಿಸಿ.
ಡಿಸೆಂಬರ್ 6: ಲಕೋಟೆ ತರುವ ದಿನ.
ಡಿಸೆಂಬರ್ 13: ಎಷ್ಟು ಬಂತು, ಎಷ್ಟು ಬಾಕಿ. ಎರಡು ನಿಮಿಷದಲ್ಲಿ ಮುಗಿಸಿ.
ಡಿಸೆಂಬರ್ 20, 24, 25: ಕೇಳಬೇಡಿ.
ಡಿಸೆಂಬರ್ 31: ವಾಚ್ ನೈಟ್, ಸ್ತೋತ್ರ ಕಾಣಿಕೆ (ಕೃತಜ್ಞತೆಯ ಕಾಣಿಕೆ).

ಡಿಸೆಂಬರ್ 6 ಏಕೆ? ತಿಂಗಳ ಮೊದಲ ಭಾನುವಾರ, ಹೆಚ್ಚಿನವರಿಗೆ ಸಂಬಳ ಬಂದಿರುತ್ತದೆ, ಬಟ್ಟೆ ಅಂಗಡಿಗೆ ಇನ್ನೂ ಹೋಗಿರುವುದಿಲ್ಲ. 27ನೇ ತಾರೀಖಿನ ಭಾನುವಾರ ಕೇಳಿದರೆ ಬಟ್ಟೆ, ಕೇಕು, ಊರಿಗೆ ಹೋಗುವ ಬಸ್ ಚಾರ್ಜು ಎಲ್ಲ ಕಳೆದು ಉಳಿದ ಚಿಲ್ಲರೆಯನ್ನು ಕೇಳಿದ ಹಾಗೆ. ಕ್ಯಾರೋಲ್ (ಕ್ರಿಸ್‌ಮಸ್ ಹಾಡುಗಳ) ಆರಾಧನೆಗೂ ಕ್ರಿಸ್‌ಮಸ್ ದಿನಕ್ಕೂ ಅಕ್ಕಪಕ್ಕದ ಮನೆಯವರು, ವರ್ಷಕ್ಕೊಮ್ಮೆ ಬರುವವರು ಬರುತ್ತಾರೆ. ಅವರ ಮುಂದೆ ಮಾಡಿನ ಲೆಕ್ಕ ಎತ್ತುವುದು ಮನೆಗೆ ಬಂದ ನೆಂಟರಿಗೆ ಸಾಲದ ಕಥೆ ಹೇಳಿದಂತೆ.

ಸಂಬಳದ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲ. ಹಳೇ ಮೈಸೂರಿನ ಕಡೆ ರಾಗಿ ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ ಆಗುವುದರಿಂದ ರೈತರ ಸಭೆಗೆ ಸುಗ್ಗಿ ಹಬ್ಬದ ಜೊತೆ ಜೋಡಿಸುವುದೇ ಮೇಲು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಡಿಸೆಂಬರಿನಲ್ಲಿ ಅರೇಬಿಕಾ ಇನ್ನೂ ಕೊಯ್ಯುತ್ತಿರುತ್ತಾರೆ, ರೊಬಸ್ಟಾ ಶುರುವಾಗುವುದು ಜನವರಿಗೆ. ಅಲ್ಲಿ ಡಿಸೆಂಬರಿನಲ್ಲಿ ಮಾತು ಪಡೆದು ಮಾರ್ಚ್‌ನಲ್ಲಿ ಹಣ ಪಡೆಯಿರಿ.

6. ವೇದಿಕೆಯ ಮೇಲೆ ಏನು ಹೇಳಬೇಕು

ಮಲಾಕಿಯ 3:8-10 ಓದಿ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡದವರು ದೇವರಿಂದ ಕದ್ದವರು ಎನ್ನುವುದು ರೂಢಿ. ಆ ವಾರ ಚೀಲ ಸ್ವಲ್ಪ ಭಾರವಾಗಬಹುದು, ಮುಂದಿನ ವಾರ ಬೆಂಚು ಖಾಲಿಯಾಗುತ್ತದೆ. ನಮ್ಮ ಸಲಹೆ 2 ಕೊರಿಂಥದ 8 ಮತ್ತು 9ನೇ ಅಧ್ಯಾಯ. ಅದೇ ಒಂದು ಕಾಣಿಕೆಯ ಪತ್ರ. ಪೌಲನು ಯೆರೂಸಲೇಮಿನ ಬಡವರಿಗಾಗಿ ಎಂದು ಉದ್ದೇಶ ಹೇಳುತ್ತಾನೆ, ವರ್ಷದ ಹಿಂದೆ ಶುರುಮಾಡಿದ್ದನ್ನು ಈಗ ಮುಗಿಸಿ ಎನ್ನುತ್ತಾನೆ, ಬಲವಂತಕ್ಕೆ ಕೊಡಬೇಡಿ ಎನ್ನುತ್ತಾನೆ, ಹಣ ತರಲು ಯಾರು ಬರುತ್ತಾರೆಂದು ಕೂಡ ತಿಳಿಸುತ್ತಾನೆ.

ತನ್ನಲ್ಲಿದ್ದದ್ದನ್ನೆಲ್ಲ ಕಾಣಿಕೆ ಹಾಕಿದ ಬಡ ವಿಧವೆಯ ಎರಡು ಕಾಸಿನ ಬೈಬಲ್ ಭಾಗವನ್ನು ಬಡವರಿಂದ ಹಣ ಎತ್ತಲು ಬಳಸಬೇಡಿ. ಮಾರ್ಕ 12ರಲ್ಲಿ ಅದರ ಹಿಂದಿನ ವಚನಗಳಲ್ಲೇ ವಿಧವೆಯರ ಮನೆಗಳನ್ನು ನುಂಗುವವರ ಮಾತಿದೆ, ಓದಿದವರಿಗೆ ಅದು ಗೊತ್ತಿರುತ್ತದೆ.

ಕೊಟ್ಟವರ ಹೆಸರು, ಮೊತ್ತ ಓದುವ ಪದ್ಧತಿ ಇನ್ನೂ ಇದ್ದರೆ ಈ ವರ್ಷ ನಿಲ್ಲಿಸಿ. ಮೊದಲ ಎರಡು ವರ್ಷ ಅದು ಪೈಪೋಟಿಯಿಂದ ಕಾಣಿಕೆ ಏರಿಸುತ್ತದೆ, ಆಮೇಲೆ 500 ಕೊಡುತ್ತಿದ್ದವರು ನಾಚಿ ಕೊಡುವುದನ್ನೇ ಬಿಡುತ್ತಾರೆ. ಮನೆಗಳ ಸಂಖ್ಯೆ ಓದಿ: "ಇದುವರೆಗೆ 52 ಮನೆಗಳಿಂದ 2,10,000 ಬಂದಿದೆ."

ಇನ್ನೊಂದು ಸೂಕ್ಷ್ಮ: ಹಲವು ಸಭೆಗಳಲ್ಲಿ ಸದಸ್ಯತ್ವದ ಚಂದಾ ಬಾಕಿ ಇದ್ದವರಿಗೆ ಸಭೆಯ ಚುನಾವಣೆಯಲ್ಲಿ ಮತದಾನದ ಹಕ್ಕಿಲ್ಲ. ಡಿಸೆಂಬರಿನಲ್ಲಿ ಚಂದಾ ಬಾಕಿ ವಸೂಲಿಯನ್ನೂ ಕಾಣಿಕೆಯನ್ನೂ ಒಂದೇ ಲಕೋಟೆಗೆ ಸೇರಿಸಿದರೆ ಕಾಣಿಕೆ ತೆರಿಗೆಯಂತೆ ಕಾಣುತ್ತದೆ, ಚುನಾವಣೆ ಹತ್ತಿರವಿದ್ದರೆ ಜಗಳವೂ ಆಗುತ್ತದೆ. ಎರಡಕ್ಕೂ ಬೇರೆ ರಸೀದಿ, ಬೇರೆ ದಿನ.

7. ಹಣ ಬರುವ ದಾರಿಗಳು, ಒಂದೊಂದರ ತೊಡಕು

ಯುಪಿಐ: ಖಜಾಂಚಿಯ ಸ್ವಂತ ನಂಬರಿಗೆ "ಸದ್ಯಕ್ಕೆ" ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಪ್ರಾಮಾಣಿಕರೇ ಇದರಲ್ಲಿ ಹೆಸರು ಕೆಡಿಸಿಕೊಳ್ಳುತ್ತಾರೆ. ಸಭೆಯ ಖಾತೆಯ ಕ್ಯೂಆರ್ ಮುದ್ರಿಸಿ, ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಕಾಣುತ್ತದೆಂದು ಅದರ ಕೆಳಗೇ ಬರೆಯಿರಿ, ಪ್ರತಿ ಭಾನುವಾರ ಆರಾಧನೆಗೆ ಮೊದಲು ಒಂದು ರೂಪಾಯಿ ಕಳಿಸಿ ನೋಡಿ. ಬೇರೆ ಕ್ಯೂಆರ್ ಸ್ಟಿಕ್ಕರನ್ನು ಮೇಲೆ ಅಂಟಿಸಿ ಹೋಗುವ ಕಳ್ಳರಿದ್ದಾರೆ.

ಚೆಕ್: ಬರೆದ ತಾರೀಖಿನಿಂದ ಮೂರೇ ತಿಂಗಳು ನಡೆಯುತ್ತದೆ. ಪೆಟ್ಟಿಗೆಯಲ್ಲಿ ಮರೆತು ಕೂರಬೇಡಿ.

ನಗದು: ಒಂದೇ ಸಂದರ್ಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಎರಡು ದಿನಕ್ಕೆ ಹಂಚಿ ತೆಗೆದುಕೊಂಡರೂ ತಪ್ಪಿಸಿಕೊಂಡಂತಲ್ಲ, ದಂಡ ಬೀಳುವುದು ಪಡೆದವರಿಗೆ. ಚೀಲದಲ್ಲಿ ಈಗಲೂ ಒಮ್ಮೊಮ್ಮೆ 2,000ದ ನೋಟು ಬರುತ್ತದೆ. 2023ರ ಅಕ್ಟೋಬರ್ 7ರ ನಂತರ ಬ್ಯಾಂಕ್ ಶಾಖೆಗಳು ಅದನ್ನು ತೆಗೆದುಕೊಳ್ಳುತ್ತಿಲ್ಲ, ಆದರೆ ನೋಟು ಸತ್ತಿಲ್ಲ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯ ಮೂಲಕ ಖಾತೆಗೆ ಹಾಕಿಸಬಹುದು.

ಕ್ಯಾರೋಲ್ ರೌಂಡ್ಸ್: ಯುವಜನರು ರಾತ್ರಿ ಮನೆಮನೆಗೆ ಹೋಗುವಾಗ ಸೀಲ್ ಮಾಡಿದ ಪೆಟ್ಟಿಗೆ ಕೊಟ್ಟು ಕಳಿಸಿ. ಬಿರಿಯಾನಿ, ವ್ಯಾನ್ ಬಾಡಿಗೆಯನ್ನು ಅದೇ ಹಣದಲ್ಲಿ ಕೊಟ್ಟು ಉಳಿದದ್ದನ್ನು ಜಮೆ ಮಾಡುವುದು ಬೇಡ. ಬಂದದ್ದೆಲ್ಲ ಜಮೆಯಾಗಲಿ, ಖರ್ಚಿಗೆ ಬೇರೆ ವೋಚರ್ ಬರೆಯಲಿ.

ವಸ್ತು: ಅಕ್ಕಿ, ರಾಗಿ, ತೆಂಗಿನಕಾಯಿ, ಹುಂಜ, ಕುಂಬಳಕಾಯಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕೂಗಿದ ಮೊತ್ತಕ್ಕೂ ಕಟ್ಟಿದ ಮೊತ್ತಕ್ಕೂ ಯಾವಾಗಲೂ ಅಂತರ ಇರುತ್ತದೆ. ಕೂಗು ಮುಗಿದ ಕೂಡಲೇ ಹೆಸರು, ವಸ್ತು, ಮೊತ್ತ ಬರೆದ ಚೀಟಿ ಎರಡು ಪ್ರತಿ ಮಾಡಿ, ಒಂದು ಅವರಿಗೆ, ಒಂದು ನಿಮಗೆ.

ವಿದೇಶದಿಂದ: ಕರಾವಳಿಯ ಸಭೆಗಳಿಗೆ ಇದೇ ದೊಡ್ಡ ತೊಡಕು. ಗಲ್ಫ್‌ನಲ್ಲಿರುವ, ಭಾರತದ ಪಾಸ್‌ಪೋರ್ಟ್ ಇರುವ ಸದಸ್ಯರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ, ಪಾಸ್‌ಪೋರ್ಟಿನ ಪ್ರತಿ ತೆಗೆದಿಡಿ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಇಲ್ಲೇ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ, ಅಂದರೆ ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಗೃಹ ಇಲಾಖೆಯ ಅನುಮತಿ, ಇಲ್ಲದೆ ಪಡೆಯುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಮೆರಿಕದಿಂದ ರಜೆಗೆ ಬಂದ ಅಣ್ಣ ಪ್ರೀತಿಯಿಂದ ಲಕೋಟೆ ಕೊಟ್ಟಾಗ ಬೇಡವೆನ್ನುವುದು ಮುಜುಗರವೇ. ಆದರೂ ವಿನಯದಿಂದ ವಾಪಸ್ ಕೊಡಿ.

8. ಎಣಿಕೆ

ಕಾಣಿಕೆ ಎಣಿಸುವುದು ದೇವಾಲಯದಲ್ಲೇ, ಆರಾಧನೆ ಮುಗಿದ ತಕ್ಷಣ, ಮೂವರು ಕೂತು. ಸಭಾಪಾಲಕರು ಎಣಿಕೆಗೆ ಕೂರಬಾರದು, ಅದು ಅವರ ರಕ್ಷಣೆಗೇ. ಪೌಲನೂ ಆ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಒಬ್ಬನನ್ನೇ ಕಳಿಸಲಿಲ್ಲ (2 ಕೊರಿಂಥ 8:20).

ಕ್ರಮ ಹೀಗೆ: ಮೊದಲು ಲಕೋಟೆಗಳನ್ನು ಬೇರೆ ಮಾಡಿ, ಬಿಡಿ ನೋಟು ಬೇರೆ. ಒಬ್ಬರು ಲಕೋಟೆ ತೆರೆದು ಒಳಗಿನ ಮೊತ್ತ ಹೇಳುತ್ತಾರೆ, ಎರಡನೆಯವರು ಮೇಲೆ ಬರೆದ ಮೊತ್ತಕ್ಕೆ ತಾಳೆ ನೋಡುತ್ತಾರೆ, ಮೂರನೆಯವರು ಬರೆಯುತ್ತಾರೆ. ವ್ಯತ್ಯಾಸವಿದ್ದರೆ ಲಕೋಟೆಯ ಮೇಲೆಯೇ ಇಬ್ಬರು ಸಹಿ ಮಾಡಿ, ಅಂದೇ ಆ ಮನೆಗೆ ಫೋನ್ ಮಾಡಿ. ಬಿಡಿ ನೋಟುಗಳನ್ನು 500, 200, 100, 50, 20, 10, ನಾಣ್ಯ ಎಂದು ವಿಂಗಡಿಸಿ ಹಾಳೆಯಲ್ಲಿ ಬರೆದು, ಕೈ ಬದಲಿಸಿ ಎರಡನೇ ಸಲ ಎಣಿಸಿ. ಮೂವರ ಸಹಿ. ಖಾಲಿ ಲಕೋಟೆಗಳನ್ನು ಆಡಿಟ್ ಮುಗಿಯುವ ತನಕ ಕಟ್ಟಿಡಿ.

2026ರಲ್ಲಿ ಡಿಸೆಂಬರ್ 25 ಶುಕ್ರವಾರ, 26 ನಾಲ್ಕನೇ ಶನಿವಾರ, 27 ಭಾನುವಾರ. ಮೂರು ದಿನ ಬ್ಯಾಂಕ್ ಬಾಗಿಲು ತೆರೆಯುವುದಿಲ್ಲ, ನಿಮ್ಮ ಕೈಯಲ್ಲಿ ವರ್ಷದ ದೊಡ್ಡ ಕಾಣಿಕೆ. ಹತ್ತಿರ ನಗದು ಜಮಾ ಯಂತ್ರ ಎಲ್ಲಿದೆ, ನಿಮ್ಮ ಖಾತೆಗೆ ಅದರಲ್ಲಿ ದಿನಕ್ಕೆ ಎಷ್ಟು ಹಾಕಬಹುದು ಎಂದು ಈಗಲೇ ವಿಚಾರಿಸಿ. ಖಜಾಂಚಿಯ ಮನೆಯ ಬೀರು ಪರಿಹಾರವಲ್ಲ.

ವಾಚ್ ನೈಟ್ ಎಣಿಕೆ ಬೇರೆ ಥರ. ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಎಣಿಸಿದರೆ ತಪ್ಪುತ್ತದೆ. ಅಂದು ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಮೇಲೆ ಕಾಗದ ಅಂಟಿಸಿ ಮೂವರು ಸಹಿ ಮಾಡಿ, ಬೆಳಿಗ್ಗೆ ಹೊಸ ವರ್ಷದ ಆರಾಧನೆಯ ನಂತರ ಅದೇ ಮೂವರು ತೆರೆಯಿರಿ.

9. ರಸೀದಿ, ಮತ್ತು "80ಜಿ ಸಿಗುತ್ತಾ?" ಎಂಬ ಪ್ರಶ್ನೆ

ರಸೀದಿ ಹದಿನೈದು ದಿನದೊಳಗೆ ಮನೆ ಸೇರಬೇಕು.

ತೆರಿಗೆ ವಿನಾಯಿತಿಯ ಮಾತನ್ನು ಪತ್ರದಲ್ಲಿ ಬರೆಯುವ ಮೊದಲು ನೂರು ಸಲ ಯೋಚಿಸಿ. ಒಂದು ಧರ್ಮದ ಸಮುದಾಯಕ್ಕೆಂದೇ ಇರುವ ಸಂಸ್ಥೆಗೆ ಕೊಟ್ಟ ಕಾಣಿಕೆಗೆ ಸಾಮಾನ್ಯವಾಗಿ 80ಜಿ, ಅಂದರೆ ದಾನಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಅನ್ವಯವಾಗದು. ಸರ್ಕಾರ ಹೆಸರಿಸಿ ಅಧಿಸೂಚನೆ ಹೊರಡಿಸಿದ ಹೆಸರಾಂತ ಆರಾಧನಾ ಸ್ಥಳಗಳ ದುರಸ್ತಿಗೆ ಮಾತ್ರ ಬೇರೆ ನಿಯಮ. ಶಾಲೆಯನ್ನೋ ಆಸ್ಪತ್ರೆಯನ್ನೋ ನಡೆಸುವ ಬೇರೆ ಸೊಸೈಟಿಗೆ ಅನುಮೋದನೆ ಇದ್ದರೆ ಹಣ ಆ ಸೊಸೈಟಿಯ ಖಾತೆಗೇ ಹೋಗಬೇಕು, ರಸೀದಿಯೂ ಅದರದ್ದೇ ಇರಬೇಕು, 2,000ಕ್ಕಿಂತ ಹೆಚ್ಚಿನ ನಗದು ದಾನಕ್ಕೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗೂ ಸಿಗುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ನಂಬರ್ ಬದಲಾಗಿವೆ. ಹಳೆಯ ರಸೀದಿ ಪುಸ್ತಕದ ಮುದ್ರಿತ ಸಾಲನ್ನು ಆಡಿಟರಿಗೆ ತೋರಿಸದೆ ಬಳಸಬೇಡಿ.

ಹೆಸರಿಲ್ಲದ ಕಾಣಿಕೆಯ ಬಗ್ಗೆಯೂ ಕೇಳುತ್ತಾರೆ. ಚೀಲಕ್ಕೆ, ಹುಂಡಿಗೆ ಬಿದ್ದ ಗುಪ್ತ ಕಾಣಿಕೆಗೆ ಧಾರ್ಮಿಕ ಟ್ರಸ್ಟಿನಲ್ಲಿ ತೆರಿಗೆ ಇಲ್ಲ. ಆದರೆ ಧಾರ್ಮಿಕ ಕೆಲಸವನ್ನೂ ಸೇವಾ ಕೆಲಸವನ್ನೂ ಕೂಡಿ ಮಾಡುವ ಟ್ರಸ್ಟಿಗೆ "ಶಾಲೆಗೆ" ಅಥವಾ "ಆಸ್ಪತ್ರೆಗೆ" ಎಂದು ಗುರುತು ಮಾಡಿದ ಹೆಸರಿಲ್ಲದ ಹಣ ಬಂದರೆ, ಮಿತಿ ಮೀರಿದ ಭಾಗಕ್ಕೆ ಶೇ. 30 ತೆರಿಗೆ ಬೀಳುತ್ತದೆ. ಶಾಲೆಯ ಕಟ್ಟಡಕ್ಕೆ ಕೇಳುವಾಗ ಹೆಸರು, ವಿಳಾಸವಿರುವ ಲಕೋಟೆ ಮಾತ್ರ ತೆಗೆದುಕೊಳ್ಳಿ.

10. ಜನವರಿಯಿಂದ ಮಾರ್ಚ್

ಜನವರಿ 10ರ ಭಾನುವಾರ ಒಟ್ಟು ಮೊತ್ತ ಓದಿ. ಗುರಿ ತಲುಪದಿದ್ದರೆ ಎಷ್ಟು ಕೆಲಸ ಈಗ, ಎಷ್ಟು ಆಮೇಲೆ ಎಂದು ಹೇಳಿ. ಕೊಟ್ಟ ಪ್ರತಿ ಮನೆಗೂ ಕೈಬರಹದ ಎರಡು ಸಾಲು ಹೋಗಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ "ಎಲ್ಲರಿಗೂ ವಂದನೆ" ಎಂದು ಹಾಕಿದರೆ ಯಾರಿಗೂ ಹೇಳಿದಂತಾಗದು.

ಮಾತು ಕೊಟ್ಟು ಇನ್ನೂ ಕೊಡದವರಿಗೆ ಫೆಬ್ರವರಿ ಕೊನೆಯಲ್ಲಿ ಒಂದೇ ಒಂದು ಸಲ ಫೋನ್ ಮಾಡಿ, ಮಾಡುವವರು ಖಜಾಂಚಿಯಲ್ಲದೆ ಆ ಮನೆಗೆ ಬಳಕೆಯ ಹಿರಿಯರಾಗಿರಲಿ. ಮೆಣಸಿನ ಬೆಲೆ ಬಿದ್ದಿರಬಹುದು, ಮನೆಯಲ್ಲಿ ಆಪರೇಷನ್ ಆಗಿರಬಹುದು. ಮಾರ್ಚ್ 31ಕ್ಕೆ ಬಾರದ್ದನ್ನು ಪಟ್ಟಿಯಿಂದ ಹೊಡೆದು ಹಾಕಿ, ಮತ್ತೆ ಎತ್ತಬೇಡಿ. ಹೊಸ ಹೆಂಚು ಕೂತ ದಿನ ಅದರ ಫೋಟೊ ಒಂದನ್ನು, ಮೇಸ್ತ್ರಿಯ ಕೊನೆಯ ಬಿಲ್ಲಿನ ಜೊತೆ, ಸೋರುತ್ತಿದ್ದ ಜಾಗದ ಹಳೆಯ ಫೋಟೊದ ಪಕ್ಕ ಅಂಟಿಸಿ. ಬರುವ ನವೆಂಬರಿನ ಪತ್ರದ ಮೊದಲ ಸಾಲಿಗೆ ಬೇಕಾಗುವ ಅಂಕಿ ಆ ಬಿಲ್ಲಿನಲ್ಲೇ ಇರುತ್ತದೆ.